ಹದಿನಾರು ವಾರ

ಹೋದ ವರ್ಷ ಮಿರಗದ ಮಳೆ ಹಿಡಿಯುವ ಹೊತ್ತಿಗೆ ದೇವದುರ್ಗದ ಕಡೆಯ ಒಬ್ಬ ಹುಡುಗಿ ರಾಯಚೂರಿನ ನನ್ನ ಕಚೇರಿಗೆ ಬಂದಳು. ಜೊತೆಗೆ ಅವಳ ಅಪ್ಪ. ಹುಡುಗಿಯ ಕೈಯಲ್ಲಿ ಕಾಲೇಜಿನ ಪತ್ರವಿತ್ತು. ಆರ್ಕಿಟೆಕ್ಚರ್ ಓದುತ್ತಿರುವ ಈ ವಿದ್ಯಾರ್ಥಿನಿ ಒಂದು ಸೆಮಿಸ್ಟರ್ ಕಾಲ ನೋಂದಾಯಿತ ಆರ್ಕಿಟೆಕ್ಟರ ಕೈಕೆಳಗೆ ಪ್ರಾಯೋಗಿಕ ತರಬೇತಿ ಪಡೆಯಬೇಕಾಗಿದೆ, ದಯವಿಟ್ಟು ಅವಕಾಶ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ನಾನು ಪತ್ರ ಓದಿ ಮುಗಿಸುವವರೆಗೂ ಅಪ್ಪ ಕುರ್ಚಿಯ ತುದಿಯಲ್ಲೇ ಕುಳಿತಿದ್ದರು.

"ಬೆಂಗ್ಳೂರಾಗ ಸಿಗ್ತದಂತ್ರಿ ಸರ್. ಆದ್ರ ಅಲ್ಲಿ ರೂಮಿನ ಬಾಡಿಗಿ ಕೊಟ್ಟು, ಊಟದ ರೊಕ್ಕ ಕೊಟ್ಟು, ಪುಕ್ಕಟೆ ದುಡಿಯಾಕ ಕಳಸೂದು ನಮ್ಮ ಕೈಲಿ ಆಗಂಗಿಲ್ರಿ. ಇಲ್ಲೇ ನಿಮ್ಮ ಹತ್ರ ಇಟ್ಕೊಂಡ್ರ ದಿನಾ ಬಸ್ಸಿಗೆ ಬಂದು ಹೋಗ್ತಾಳ."

ಹುಡುಗಿ ತಲೆ ತಗ್ಗಿಸಿದಳು. ಅಪ್ಪ ನಿಜವನ್ನೇ ಹೇಳಿದ್ದಕ್ಕೆ ಅವಳಿಗೆ ನಾಚಿಕೆ. ನನಗೆ ಮಾತ್ರ ಆ ಮಾತು ಮೂವತ್ತೈದು ವರ್ಷ ಹಿಂದೆ ಕೇಳಿದಂತೆಯೇ ಕೇಳಿಸಿತು. ನಮ್ಮಪ್ಪನೂ ಹೀಗೆಯೇ ಅಂದಿದ್ದ, ಆದರೆ ಯಾರ ಮುಂದೆಯೂ ಅಲ್ಲ, ಮಟಮಾರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಕಾಕಾನ ಮುಂದೆ. ಅದಕ್ಕೆ ಕಾಕಾ ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ: "ನಾ ಹೈದರಾಬಾದಿನಾಗ ಆರು ವರ್ಷ ದುಡದೀನಿ. ಇವಗ ಹದಿನಾರ ವಾರ ಭಾರ ಆಗ್ತದೇನು?"

ಈ ಆರು ವರ್ಷಕ್ಕೂ ಆ ಹದಿನಾರು ವಾರಕ್ಕೂ ನಡುವೆ ಒಂದು ಕಾಯಿದೆ ಇದೆ. ಅದರ ಕತೆ ನಮ್ಮ ಮನೆಯ ಕತೆಯೂ ಹೌದು.

ಮಟಮಾರಿ ರಾಯಚೂರಿಗೂ ಮಂತ್ರಾಲಯ ರೋಡಿಗೂ ನಡುವೆ ಬರುವ ಸ್ಟೇಷನ್. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲ್ವೆಯೂ ಮದ್ರಾಸಿನಿಂದ ಬಂದ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ದೊಡ್ಡ ದೊಡ್ಡ ಗಾಡಿಗಳು ನಮ್ಮೂರ ಮೇಲೆ ಹಾದು ಹೋಗುತ್ತಿವೆ. ನಿಲ್ಲುವುದು ಮಾತ್ರ ಪ್ಯಾಸೆಂಜರು. ಹೀಗೆ ಒಂದು ಪ್ಯಾಸೆಂಜರ್ ಹತ್ತಿ, ರಾಯಚೂರಿನಲ್ಲಿ ಗಾಡಿ ಬದಲಾಯಿಸಿ, ನಮ್ಮ ಕಾಕಾ 1942ರಲ್ಲಿ ಹೈದರಾಬಾದಿಗೆ ಹೋದ. ಆಗ ಅವನಿಗೆ ಹದಿನಾರು ವರ್ಷ. ಆಗ ನಾವು ನಿಜಾಮನ ಪ್ರಜೆಗಳು. ರಾಯಚೂರಿನವರಿಗೆ ದೊಡ್ಡ ಊರು ಎಂದರೆ ಬೆಂಗಳೂರಲ್ಲ, ಹೈದರಾಬಾದು. ಬೆಂಗಳೂರು ಬೇರೆ ರಾಜನ ಊರು.

ಅಲ್ಲಿ ಒಬ್ಬರ ನಕ್ಷೆ ದಫ್ತರದಲ್ಲಿ ಕಾಕಾ ಕೆಲಸಕ್ಕೆ ಸೇರಿದ. ಕೆಲಸ ಎಂದೆನಲ್ಲ, ಮೊದಲ ವರ್ಷ ಮಸಿ ಕುಡಿಕೆ ತೊಳೆಯುವುದು, ನೀರು ತರುವುದು, ಕಾಗದದ ಸುರುಳಿ ಹೊತ್ತು ದೊಡ್ಡವರ ಹಿಂದೆ ಕಟ್ಟಡದ ಜಾಗಕ್ಕೆ ಹೋಗುವುದು. ಎರಡನೆಯ ವರ್ಷ ಟ್ರೇಸಿಂಗ್ ಬಟ್ಟೆಯ ಮೇಲೆ ಗೆರೆ ಎಳೆಯಲು ಕೊಟ್ಟರಂತೆ. ಮೂರನೆಯ ವರ್ಷಕ್ಕೆ ಅವನು ನಕ್ಷಾನವೀಸ್ ಆದ. ಹೈದರಾಬಾದಿನ ಉರ್ದುವಿನಲ್ಲಿ ನಕ್ಷೆ ಬರೆಯುವವನಿಗೆ ಇದ್ದ ಹೆಸರು ಅದು. ಪಡಸಾಲೆಗೆ ದಾಲಾನ್, ಅಡುಗೆಮನೆಗೆ ಬಾವರ್ಚಿಖಾನಾ, ಬಚ್ಚಲಿಗೆ ಗುಸಲ್‌ಖಾನಾ ಎಂದು ಬರೆಯುತ್ತಿದ್ದ. ಕೊನೆಯವರೆಗೂ ಅವನ ಗೆರೆಗಳು ಬಲದಿಂದ ಎಡಕ್ಕೇ ಓಡುತ್ತಿದ್ದವು. ನನಗದು ವಿಚಿತ್ರವಾಗಿ ಕಾಣುತ್ತಿತ್ತು.

ಆ ಹೊತ್ತಿಗೆ ಹೈದರಾಬಾದಿನಲ್ಲಿ ಕಟ್ಟುವ ಹುಮ್ಮಸ್ಸು ಜೋರಾಗಿತ್ತು. ವಿನ್ಸೆಂಟ್ ಎಶ್ ಎಂಬ ಇಂಗ್ಲಿಷ್ ಆರ್ಕಿಟೆಕ್ಟ್ ಕಟ್ಟಿದ ಹೈಕೋರ್ಟೂ ಉಸ್ಮಾನಿಯಾ ಆಸ್ಪತ್ರೆಯೂ ಹಳೆಯದಾಗುತ್ತಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜು 1939ರಲ್ಲಷ್ಟೇ ತೆರೆದಿತ್ತು. ಆ ಕಟ್ಟಡಕ್ಕಾಗಿ ನಿಜಾಮ ಸರಕಾರ ಜೈನ್ ಯಾರ್ ಜಂಗ್, ಸೈಯದ್ ಅಲಿ ರಜಾ ಎಂಬ ಇಬ್ಬರನ್ನು ದೇಶ ದೇಶ ಸುತ್ತಿ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳಿಸಿತ್ತು. ಅವರು ಬೆಲ್ಜಿಯಮ್ಮಿನ ಅರ್ನೆಸ್ಟ್ ಜಾಸ್ಪರ್ ಎಂಬವನನ್ನು ಸಲಹೆಗೆ ಹಿಡಿದು ತಂದರು. ಕಾಕಾ ಆ ಕಾಲೇಜಿನ ಕಂಬಗಳನ್ನು ರವಿವಾರ ರವಿವಾರ ಹೋಗಿ ಪೆನ್ಸಿಲಿನಲ್ಲಿ ತಿದ್ದಿ ಕಲಿತನಂತೆ. ಒಳಗೆ ಪಾಠ ನಡೆಯುತ್ತಿದ್ದ ಕಾಲೇಜಿನಲ್ಲಿ ಅವನು ಹೊರಗಿನಿಂದ ಓದಿದ.

ಹೀಗೆ ಕಲಿಯುವುದು ಹೊಸದೂ ಅಲ್ಲ, ನಮ್ಮ ಬಡತನದ್ದೂ ಅಲ್ಲ. ಇಂಗ್ಲೆಂಡಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಆರ್ಕಿಟೆಕ್ಟ್ ಆಗುವ ದಾರಿ ಇದೇ ಆಗಿತ್ತು. ಹುಡುಗನ ಅಪ್ಪ ಒಬ್ಬ ಆರ್ಕಿಟೆಕ್ಟನಿಗೆ ಹಣ ಕೊಟ್ಟು ಮಗನನ್ನು ಕರಾರಿನ ಮೇಲೆ ಬಿಡುತ್ತಿದ್ದ. ಕಲಿಯುವವನೇ ಕೊಡಬೇಕು, ಸಂಬಳದ ಮಾತಿಲ್ಲ. ನಾವು ಬಿ.ಎ. ತರಗತಿಗಳಲ್ಲಿ ಕಾದಂಬರಿಕಾರನೆಂದು ಓದುವ ಥಾಮಸ್ ಹಾರ್ಡಿ 1856ರಲ್ಲಿ ಹದಿನಾರನೆಯ ವಯಸ್ಸಿಗೆ ಡಾರ್ಚೆಸ್ಟರಿನ ಜಾನ್ ಹಿಕ್ಸ್ ಎಂಬ ಆರ್ಕಿಟೆಕ್ಟನ ಬಳಿ ಹೀಗೆ ಸೇರಿದವನೇ. ಹಾರ್ಡಿಗೂ ನಮ್ಮ ಕಾಕಾನಿಗೂ ಸೇರಿದಾಗ ವಯಸ್ಸು ಒಂದೇ ಎಂದು ನಾನೊಮ್ಮೆ ಹೇಳಿದ್ದೆ. "ಅಂವ ಬರಿಯೂದು ಹಿಡದು ಪಾರಾದ" ಎಂದಿದ್ದ ಕಾಕಾ.

ಅಲ್ಲಿಯ ಆರ್ಕಿಟೆಕ್ಟರ ಸಂಘ 1834ರಲ್ಲಿ ಹುಟ್ಟಿತು. ಆಮೇಲೆ ಪರೀಕ್ಷೆ ಬಂತು. 1882ರಿಂದ ಸಂಘ ಸೇರುವವರಿಗೆ ಅದು ಕಡ್ಡಾಯವಾಯಿತು. ಹೆಸರು ನೋಂದಾಯಿಸುವ ಕಾನೂನು 1931ರಲ್ಲಿ ಬಂತು. ಅಮೆರಿಕದಲ್ಲಿ ಇಲಿನಾಯ್ ರಾಜ್ಯ 1897ರಲ್ಲಿಯೇ ಲೈಸೆನ್ಸಿನ ಕಾಯಿದೆ ಮಾಡಿತ್ತು. ಅಲ್ಲಿಯವರದು ಎಲ್ಲದರಲ್ಲೂ ಲೆಕ್ಕ. ಪದವಿ ಪಡೆದರೆ ಸಾಲದು, ಕಚೇರಿಯಲ್ಲಿ ದುಡಿದ ಗಂಟೆಗಳನ್ನು ಬರೆದಿಡಬೇಕು. 2016ರಿಂದ ಜಾರಿಗೆ ಬಂದ ಕ್ರಮದಲ್ಲಿ ಅದು 3,740 ಗಂಟೆ, ಆರು ಬಗೆಯ ಕೆಲಸಗಳಲ್ಲಿ ಹಂಚಿ. ಅದಾದ ಮೇಲೆ ಮತ್ತೆ ಪರೀಕ್ಷೆ. ಎಲ್ಲ ಕಡೆಯೂ ನಡೆದದ್ದು ಒಂದೇ. ಮೊದಲು ತರಬೇತಿಯೇ ವಿದ್ಯೆಯಾಗಿತ್ತು. ಆಮೇಲೆ ಶಾಲೆ ಬಂತು, ತರಬೇತಿ ಶಾಲೆಯ ಬಾಲವಾಯಿತು.

ನಮ್ಮಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಆರ್ಕಿಟೆಕ್ಚರ್ ವಿಭಾಗ ಮೊದಲಾಯಿತು. ಅಲ್ಲಿ ಕಲಿತವರ ಸುತ್ತ ಬೆಳೆದ ಸಂಘ 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಹೆಸರು ಪಡೆಯಿತು. ಆದರೆ ಯಾರು ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು ಎಂದು ಕೇಳುವ ಕಾನೂನು ಮಾತ್ರ ಇರಲಿಲ್ಲ. ಚಂಡೀಗಢ ಕಟ್ಟಲು ಪಂಡಿತ್ ನೆಹರೂ ಕಾಲದಲ್ಲಿ ಬಂದ ಲ ಕಾರ್ಬೂಸಿಯೆ ಯಾವ ಆರ್ಕಿಟೆಕ್ಚರ್ ಪದವಿಯನ್ನೂ ಪಡೆದವನಲ್ಲ. ಪ್ಯಾರಿಸಿನಲ್ಲಿ ಪೆರೆ, ಬರ್ಲಿನ್ನಿನ ಹತ್ತಿರ ಬೆಹ್ರೆನ್ಸ್ ಎಂಬವರ ಕಚೇರಿಗಳಲ್ಲಿ ದುಡಿದು ಕಲಿತವನು. ಅವನ ಪ್ಯಾರಿಸ್ ಕಚೇರಿಯಲ್ಲಿ ನಮ್ಮ ಬಿ.ವಿ. ದೋಶಿಯವರು 1951ರಲ್ಲಿ ಸೇರಿ ಮೊದಲ ಎಂಟು ತಿಂಗಳು ಸಂಬಳವಿಲ್ಲದೆ ಗೆಯ್ದರು. ಪುಕ್ಕಟೆ ದುಡಿಮೆಗೂ ದೊಡ್ಡ ವಂಶಾವಳಿ ಇದೆ ಎಂದು ದೇವದುರ್ಗದ ಆ ಅಪ್ಪನಿಗೆ ನಾನು ಹೇಳಬಹುದಿತ್ತು. ಹೇಳಲಿಲ್ಲ.

1948ರ ಪೊಲೀಸ್ ಕಾರ್ಯಾಚರಣೆಯ ಗಡಿಬಿಡಿಯಲ್ಲಿ ಕಾಕಾನ ದಫ್ತರ ಮುಚ್ಚಿತು. ಅವನು ಊರಿಗೆ ಬಂದ. ಎರಡು ವರ್ಷ ಹೊಲ ನೋಡಿಕೊಂಡು, ಮನಸ್ಸು ನಿಲ್ಲದೆ ರಾಯಚೂರಿಗೆ ಹೋಗಿ ಒಂದು ಖೋಲಿ ಹಿಡಿದ. ಬಾಗಿಲ ಮೇಲೆ ತಗಡಿನ ಬೋರ್ಡು ಹಾಕಿಸಿದ. ಹಸಿರು ನೆಲ, ಬಿಳಿ ಅಕ್ಷರ. ಉರ್ದು, ಕನ್ನಡ, ಇಂಗ್ಲಿಷು ಮೂರರಲ್ಲೂ ಅವನ ಹೆಸರು, ಹೆಸರಿನ ಕೆಳಗೆ ಆರ್ಕಿಟೆಕ್ಟ್. ಆಗ ಅದು ಅಪರಾಧವೂ ಅಲ್ಲ, ಸುಳ್ಳೂ ಅಲ್ಲ.

ಮೊದಲು ಹತ್ತಿಯ ಜಿನ್ನು, ಶೇಂಗಾ ಎಣ್ಣೆಯ ಗಿರಣಿ, ಸಾಹುಕಾರರ ಮನೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿಂಧನೂರಿನ ಕಡೆ ಹರಿದ ಮೇಲೆ ಜೋಳದ ನೆಲದಲ್ಲಿ ನೆಲ್ಲು ಬಂತು, ನೆಲ್ಲಿನ ಹಿಂದೆ ಅಕ್ಕಿ ಗಿರಣಿ ಬಂದವು. ಮಾನ್ವಿಯ ಗಿರಣಿಗಳ ನಕ್ಷೆಗಳಲ್ಲಿ ಕೆಲವು ಕಾಕಾನವು. ನಕ್ಷೆ ತೆಗೆಯುವುದು ಇವನು, ಕೆಳಗೆ ಸಹಿ ಹಾಕುವುದು ಯಾರೋ ಒಬ್ಬ ಎಂಜಿನಿಯರು. ಮಂಜೂರಾತಿಗೆ ಹೋಗುವ ಕಾಗದಕ್ಕೆ ಸರ್ಟಿಫಿಕೇಟಿದ್ದವರ ಸಹಿ ಬೇಕಿತ್ತು. ಸಹಿಗೆ ಇಷ್ಟು ಎಂದು ದರ. ಇದರಲ್ಲಿ ಅನ್ಯಾಯವಿದೆ ಎಂದು ಕಾಕಾನಿಗೆ ಆಗ ಅನ್ನಿಸಿರಲಿಲ್ಲ. ಕೋಟೆ ಕಟ್ಟಿದವನಿಗಿಂತ ಕಟ್ಟಿಸಿದವನ ಹೆಸರೇ ಉಳಿಯುವ ಊರು ನಮ್ಮದು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಒಂದು ಕಲ್ಲು ಇದೆ. ಅದರ ಮೇಲೆ 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ. ಆ ಕಲ್ಲನ್ನು ಕೋಣಗಳ ಸಾಲು ಕಟ್ಟಿ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. ರೆಡ್ಡಿಯ ಹೆಸರು ಶಾಸನದಲ್ಲಿ ಉಳಿಯಿತು, ಎಳೆದವರು ಚಿತ್ರದಲ್ಲಿ ಉಳಿದರು. ಎಲ್ಲ ಕಡೆಯೂ ಹೀಗೆಯೇ ಎನ್ನಲಾಗದು, ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದೂ ಕಲ್ಲಿನಲ್ಲಿವೆ. ಎಂಟನೆಯ ಶತಮಾನದಲ್ಲಿ ಲೈಸೆನ್ಸು ಕೊಡುವ ರೀತಿ ಅದು.

1972ರಲ್ಲಿ ಪಾರ್ಲಿಮೆಂಟು ಆರ್ಕಿಟೆಕ್ಟರ ಕಾಯಿದೆ ಮಾಡಿತು. ಅದೇ ವರ್ಷ ಸೆಪ್ಟೆಂಬರಿನಿಂದ ಅದು ಜಾರಿಗೆ ಬಂತು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಸಂಸ್ಥೆ ಹುಟ್ಟಿತು; ಅದರ ಬಳಿ ಒಂದು ರಿಜಿಸ್ಟರು. ಅದರಲ್ಲಿ ಹೆಸರಿದ್ದವನು ಮಾತ್ರ ಆರ್ಕಿಟೆಕ್ಟ್. ಒಪ್ಪಿತ ಪದವಿ ಇದ್ದವರಿಗೆ ಹೆಸರು ಬರೆಸುವುದು ಸುಲಭ. ಪದವಿ ಇಲ್ಲದವರಿಗೂ ಕಾಯಿದೆ ಒಂದು ಬಾಗಿಲು ಇಟ್ಟಿತ್ತು: ಗೊತ್ತುಪಡಿಸಿದ ತಾರೀಖಿಗೆ ಮುಂಚೆ ಐದು ವರ್ಷಕ್ಕೆ ಕಡಿಮೆಯಿಲ್ಲದೆ ಆರ್ಕಿಟೆಕ್ಟನಾಗಿ ವೃತ್ತಿ ನಡೆಸಿದ್ದರೆ ಅವನ ಹೆಸರೂ ಸೇರಬಹುದು. ಆ ತಾರೀಖು ದಾಟಿದ ಮೇಲೆ ಹೊಸದಾಗಿ ದುಡಿದು ಕಲಿತವನಿಗೆ ಆ ಬಾಗಿಲು ಇಲ್ಲ.

ಹೈದರಾಬಾದಿನ ಹಳೆಯ ಗೆಳೆಯನೊಬ್ಬ ಕಾಕಾನಿಗೆ ಕಾರ್ಡು ಬರೆದು ಈ ವಿಷಯ ತಿಳಿಸಿದ. ಕಾಕಾನಿಗೆ ಬೇಕಾದದ್ದು ಐದು ವರ್ಷ. ಅವನ ಬಳಿ ಇದ್ದದ್ದು ಇಪ್ಪತ್ತಕ್ಕೂ ಹೆಚ್ಚು. ಆದರೆ ಅದನ್ನು ತೋರಿಸಬೇಕಲ್ಲ. ನಾನು ದೊಡ್ಡವನಾದ ಮೇಲೆ ಒಮ್ಮೆ ಕೇಳಿದೆ: "ಕಾಕಾ, ನೀವು ಅರ್ಜಿ ಹಾಕಲಿಲ್ಲೇನು?"

"ಏನಂತ ಹಾಕಲಿ ತಮ್ಮ? ಅವರು ನಕ್ಷೆ ತೋರಸು ಅಂತಾರ. ನಕ್ಷೆದಾಗ ಸಹಿ ಯಾರದು?"

ಒಂದೊಂದು ನಕ್ಷೆಗೂ ರೊಕ್ಕ ಕೊಟ್ಟು ತಾನೇ ಬೇರೆಯವರ ಹೆಸರು ಬರೆಸಿದ್ದ. ಹೈದರಾಬಾದಿನ ದಫ್ತರದ ಯಜಮಾನರು ತೀರಿಹೋಗಿದ್ದರು. ಗಿರಣಿ ಸಾಹುಕಾರರು ಬಾಯಿಂದ ಹೊಗಳುವವರೇ ಹೊರತು ಕಾಗದದ ಮೇಲೆ ಬರೆದು ಕೊಡುವವರಲ್ಲ. ಅರ್ಜಿ ಹಾಕದೆಯೇ ಕಾಲ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ಒಂದು ಮಾತು. ರಾಯಚೂರಿನಲ್ಲಿ ಯಾರೋ ಬಲ್ಲವರು ಎನಿಸಿಕೊಂಡವರು, "ಇನ್ನ ನೀ ನಕ್ಷೆ ತೆಗದ್ರ ದಂಡ ಬೀಳ್ತದ, ಎರಡನೇ ಸಲಕ್ಕ ಜೇಲೇ" ಎಂದುಬಿಟ್ಟರು. ದಂಡ ಇದ್ದದ್ದು ನಿಜ. ಮೊದಲ ತಪ್ಪಿಗೆ ಐನೂರು ರೂಪಾಯಿವರೆಗೆ, ಮತ್ತೆ ಮಾಡಿದರೆ ಆರು ತಿಂಗಳವರೆಗೆ ಸೆರೆಯೂ ಆಗಬಹುದು ಎಂದು ಕಾಯಿದೆಯಲ್ಲಿ ಬರೆದಿತ್ತು. ಆದರೆ ಯಾವ ತಪ್ಪಿಗೆ? ಅದನ್ನು ಆ ಬಲ್ಲವರು ಓದಿರಲಿಲ್ಲ. ಕಾಕಾ 1974ರಲ್ಲಿ ಖೋಲಿ ಖಾಲಿ ಮಾಡಿ, ಬೋರ್ಡು ಬಿಚ್ಚಿ, ಗೋಣಿ ತಟ್ಟಿನಲ್ಲಿ ಸುತ್ತಿ, ಪ್ಯಾಸೆಂಜರ್ ಗಾಡಿಯಲ್ಲಿ ಮಟಮಾರಿಗೆ ತಂದ. ನಲವತ್ತೆಂಟು ವರ್ಷದ ಮನುಷ್ಯ ಮತ್ತೆ ಹೊಲಕ್ಕೆ ಹೋಗತೊಡಗಿದ. ಊರವರ ಮನೆ, ಅಂಗಡಿಗಳಿಗೆ ಬಾಯಲ್ಲೇ ಹೇಳಿ ಕಟ್ಟಿಸುತ್ತಿದ್ದ, ಕಾಗದ ಮುಟ್ಟುತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅದರ ಮೇಲೆ ಸವಳು ಮಣ್ಣು. ನಡುಮನೆಗೆ ಬೆಳಕು ಬರಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಳೆ ಬಂದಾಗ ಮುಚ್ಚಲು ಏನಾದರೂ ಬೇಕು. ಕಾಕಾನ ಬೋರ್ಡು ಅಳತೆ ಮಾಡಿಸಿದಂತೆ ಅದಕ್ಕೆ ಸರಿಹೋಯಿತು. ಅಕ್ಷರದ ಮಗ್ಗುಲು ಕೆಳಗೆ. ಮಳೆ ಬರುವ ದಿನ ಕಂದೀಲು ಹಚ್ಚಿ ಅಂಗಾತ ಮಲಗಿದರೆ ಮೇಲೆ ಮೂರು ಲಿಪಿಯಲ್ಲಿ ಆರ್ಕಿಟೆಕ್ಟ್ ಎಂಬ ಮಾತು ಕಾಣುತ್ತಿತ್ತು. ನಾನು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಶಬ್ದ ಅದು. ಏನು ಹಾಗೆಂದರೆ ಎಂದು ಕೇಳಿದ್ದಕ್ಕೆ ಅವ್ವ, "ನಿಮ್ಮ ಕಾಕಾ ಮೊದಲ ಆಗಿದ್ನಲ್ಲ, ಅದು" ಎಂದಳು.

ನಾನು 1987ರಲ್ಲಿ ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಲು ಸೇರಿದೆ. ಐದು ವರ್ಷದ ಓದು. ಕೌನ್ಸಿಲ್ಲಿನ 1983ರ ನಿಯಮಾವಳಿ ಅದನ್ನು ಎರಡು ಘಟ್ಟ ಮಾಡಿತ್ತು: ಮೊದಲು ಮೂರು ವರ್ಷ, ಆಮೇಲೆ ಎರಡು ವರ್ಷ. ಮೊದಲ ಘಟ್ಟ ಮುಗಿದ ಮೇಲೆ ಒಂದು ಸೆಮಿಸ್ಟರ್, ಅಂದರೆ ಸುಮಾರು ಹದಿನಾರು ಕೆಲಸದ ವಾರ, ಕೌನ್ಸಿಲ್ ಒಪ್ಪಿದ ಅರ್ಹತೆಯುಳ್ಳವರ ಕೈಕೆಳಗೆ ವೃತ್ತಿ ಕಚೇರಿಯಲ್ಲಿ ತರಬೇತಿ. 2020ರ ನವೆಂಬರಿನಲ್ಲಿ ಬೇರೆ ನಿಯಮಾವಳಿ ಬಂದಿತಾದರೂ ತರಬೇತಿ ಹೋಗಲಿಲ್ಲ. ಪದವಿಯಾದ ಮೇಲೆ ಮತ್ತೆ ಇಷ್ಟು ವರ್ಷ ದುಡಿದು ಬಾ ಎಂದು ನಮ್ಮ ಕಾಯಿದೆ ಕೇಳಲಿಲ್ಲ. ಅರ್ಜಿ, ಶುಲ್ಕ, ಪದವಿ ಪತ್ರ, ಮುಗಿಯಿತು. ಇಂಗ್ಲೆಂಡಿನವರು ದಶಕಗಟ್ಟಲೆ ಇಪ್ಪತ್ತನಾಲ್ಕು ತಿಂಗಳ ಅನುಭವ ಕೇಳುತ್ತಿದ್ದ ಜಾಗದಲ್ಲಿ ನಮ್ಮಲ್ಲಿ ಆ ಹದಿನಾರು ವಾರವೇ ಎಲ್ಲ.

ನನ್ನ ಹದಿನಾರು ವಾರ 1990ರ ಜುಲೈನಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಶುರುವಾದವು. ಕಚೇರಿಯ ಹೆಸರು ಬೇಡ. ತಿಂಗಳಿಗೆ ಮುನ್ನೂರು ರೂಪಾಯಿ ಎಂದಿದ್ದರು. ಮೊದಲ ಎರಡು ತಿಂಗಳು ಅದರ ಮಾತೇ ಬರಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಟ್ರೇಸಿಂಗ್ ಹಾಳೆಯ ಮೇಲಿನ ತಪ್ಪು ಗೆರೆಗಳನ್ನು ಅರ್ಧ ಬ್ಲೇಡಿನಿಂದ ಕೆರೆಯುವುದು, ಅಕ್ಷರ ಬರೆಯುವುದು, ಬಾಗಿಲು ಕಿಟಕಿಗಳ ಪಟ್ಟಿ ಮಾಡುವುದು, ಅಮೋನಿಯಾ ಪ್ರಿಂಟು ತೆಗೆಸಿಕೊಂಡು ಬರುವುದು. ಆ ವಾಸನೆಗೆ ಕಣ್ಣಲ್ಲಿ ನೀರು. ಹನ್ನೆರಡು ಮನೆಗಳಿಗೆ ಬಚ್ಚಲಿನ ವಿವರ ಬರೆದೆ, ಅವುಗಳಲ್ಲಿ ಒಂದನ್ನೂ ಕಟ್ಟುವಾಗ ನೋಡಲಿಲ್ಲ. ಕಟ್ಟಡದ ಜಾಗಕ್ಕೆ ಕರೆದುಕೊಂಡು ಹೋದದ್ದು ಒಂದೇ ಸಲ, ಹನ್ನೊಂದನೆಯ ವಾರ, ಅದೂ ನಕ್ಷೆಯ ಸುರುಳಿ ಹೊರಲು ಆಳು ಬಂದಿರಲಿಲ್ಲ ಎಂದು. ಉಳಿದಂತೆ ರವಿವಾರ ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿದು ದೋಶಿಯವರು ಕಟ್ಟಿದ ಐ.ಐ.ಎಂ. ನೋಡಲು ಹೋಗುತ್ತಿದ್ದೆ. ಕಲ್ಲಿನ ಗೋಡೆ, ಮೇಲೆ ಬಳ್ಳಿ, ಉದ್ದನೆಯ ಓಣಿಗಳು. ಕಾಕಾ ಆರ್ಟ್ಸ್ ಕಾಲೇಜಿನ ಕಂಬ ತಿದ್ದಿದಂತೆ ನಾನು ಅಲ್ಲಿ ಕುಳಿತು ಗೀಚುತ್ತಿದ್ದೆ.

ಆ ದಸರೆಗೆ ಊರಿಗೆ ಬಂದಾಗ ನಮ್ಮ ಸೋದರತ್ತೆಯ ಮಗ ಮನೆ ಕಟ್ಟಿಸುತ್ತಿದ್ದ. ನಾಲ್ಕು ಖೋಲಿ, ಮೇಲೆ ಆರ್.ಸಿ.ಸಿ. ನಕ್ಷೆ ತೆಗೆ ಎಂದರು. ಬೆಂಗಳೂರಿನಲ್ಲಿ ಕಲಿತ ಅಂದವಾದ ಅಕ್ಷರಗಳಲ್ಲಿ ನಕ್ಷೆ ತೆಗೆದೆ. ಮಾಳಿಗೆಯ ಮೇಲೆ ಒಂದು ಬಾಣ ಬರೆದು ಇಳಿಜಾರು ನೂರಕ್ಕೆ ಒಂದು ಎಂದು ನಮೂದಿಸಿದೆ. ಗೌಂಡಿ ನಕ್ಷೆಯನ್ನು ಸುತ್ತಮುತ್ತ ತಿರುವಿ ನೋಡಿ ಕಾಕಾನ ಕೈಗೆ ಕೊಟ್ಟ. ಕಾಕಾ ಏನೂ ಅನ್ನದೆ ನನ್ನನ್ನು ಏಣಿ ಹತ್ತಿಸಿದ. ಸ್ಲ್ಯಾಬಿನ ಮೇಲೆ ಒಂದು ಕೊಡ ನೀರು ತರಿಸಿದ.

"ನಿನ್ನ ಬಾಣ ಎತ್ತ ಐತಿ, ಅತ್ತ ಸುರುವು."

ಸುರುವಿದೆ. ಆ ನೀರು ಹೋದರೆ ಬೀಳುವುದು ಪಕ್ಕದ ಮನೆಯವರ ಮಣ್ಣಿನ ಗೋಡೆಯ ಬುಡಕ್ಕೆ. ಅವರ ಗೋಡೆ ಎರಡು ಮಳೆಗಾಲ ತಡೆಯುತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಪಕ್ಕದ ಮನೆ ಇರಲೇ ಇಲ್ಲ. ಹಾಳೆಯ ಅಂಚಿಗೆ ನಿವೇಶನ ಮುಗಿದಿತ್ತು. ಆ ಸಂಜೆ ಕಾಕಾ ಗುಂಡುದಾರ ಹಿಡಿಯುವುದು, ರಸಮಟ್ಟ ಇಡುವುದು, ಮೂಲೆಮಟ್ಟ ಸುಳ್ಳು ಹೇಳುತ್ತಿದೆಯೇ ಎಂದು ತಿರುವಿಟ್ಟು ನೋಡುವುದು ತೋರಿಸಿದ. ರಜೆ ನಾಲ್ಕು ದಿನ. ನನ್ನ ತರಬೇತಿಯ ಪ್ರಮಾಣಪತ್ರದಲ್ಲಿ ಆ ನಾಲ್ಕು ದಿನಗಳು ಗೈರುಹಾಜರಿ ಎಂದು ದಾಖಲಾಗಿವೆ. ಕಟ್ಟಡ ಕೆಲಸದ ಎಲ್ಲ ಹಂತಗಳಲ್ಲಿ ಈತ ಅನುಭವ ಪಡೆದಿದ್ದಾನೆ ಎಂದೂ ಅದೇ ಪತ್ರದಲ್ಲಿ ಬರೆದಿದೆ.

1993ರಲ್ಲಿ ನನ್ನ ಹೆಸರು ರಿಜಿಸ್ಟರಿಗೆ ಸೇರಿತು. ಎರಡು ವರ್ಷ ಅಲ್ಲಿ ಇಲ್ಲಿ ದುಡಿದು 1995ರಲ್ಲಿ ರಾಯಚೂರಿಗೆ ಬಂದು ಕಚೇರಿ ತೆರೆದೆ. ಊರಿನಲ್ಲಿ ನಕ್ಷೆಯೆಂದರೆ ಎಂಜಿನಿಯರು ಎಂದೇ ಜನಕ್ಕೆ ಗೊತ್ತು. ನಾನು ಆರ್ಕಿಟೆಕ್ಟ್ ಎಂದರೆ, "ಅಂದ್ರ ನೀವು ಎಂಜಿನಿಯರ್ ಆಗಲಿಲ್ಲೇನ್ರಿ?" ಎಂದು ಕನಿಕರದಿಂದ ಕೇಳಿದವರಿದ್ದಾರೆ.

ಮರುವರ್ಷ ಮಾನ್ವಿಯ ಒಬ್ಬ ಹಳೆಯ ಗಿರಣಿ ಸಾಹುಕಾರರು ಮಗನಿಗೆ ಮನೆ ಕಟ್ಟಿಸಲು ಹೊರಟು, ನಕ್ಷೆ ಕಾಕಾನೇ ತೆಗೆಯಬೇಕು ಎಂದು ಹಟ ಹಿಡಿದು ಮಟಮಾರಿಗೆ ಬಂದರು. ಇಪ್ಪತ್ತೆರಡು ವರ್ಷದ ಮೇಲೆ ಕಾಕಾ ಹಲಗೆ ಇಳಿಸಿದ. ಎಪ್ಪತ್ತರ ಮನುಷ್ಯ, ಕೈ ನಡುಗುತ್ತಿತ್ತು, ಗೆರೆ ನಡುಗುತ್ತಿರಲಿಲ್ಲ. ನಡುವೆ ಅಂಗಳ, ಸುತ್ತ ಪಡಸಾಲೆ, ಪಡುವಣ ಬಿಸಿಲಿಗೆ ಉಗ್ರಾಣ ಅಡ್ಡ ಕೊಟ್ಟು ಮಲಗುವ ಖೋಲಿಯನ್ನು ಮೂಡಣಕ್ಕೆ ಸರಿಸಿದ್ದ. ರಾಯಚೂರು ಜಿಲ್ಲೆಯ ಬೇಸಿಗೆ ಕಂಡವರಿಗೆ ಅದರ ಬೆಲೆ ಗೊತ್ತು. ನಾನು ಅದುವರೆಗೆ ತೆಗೆದಿದ್ದ ಯಾವ ನಕ್ಷೆಯೂ ಅಷ್ಟು ಒಳ್ಳೆಯದಾಗಿರಲಿಲ್ಲ.

ಸುರುಳಿ ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿ, "ಇದಕ್ಕ ಸಹಿ ಬೇಕಲ್ಲ" ಎಂದ.

ನಾನು ಸಹಿ ಮಾಡಿದೆ, ಮೊಹರು ಒತ್ತಿದೆ. ಕಾಕಾ ಜೇಬಿಗೆ ಕೈ ಹಾಕಿ, ಸಹಿಗೆ ಎಷ್ಟು ಎಂದು ಕೇಳಿದ. ಚೇಷ್ಟೆಗೆ ಕೇಳಿದನೋ ರೂಢಿಯಿಂದ ಕೇಳಿದನೋ ನನಗೆ ಗೊತ್ತಾಗಲಿಲ್ಲ. ಸಂಕಟವಾಯಿತು. ಆದರೆ ಆ ಹಾಳೆಯಲ್ಲಿ ಅವನ ಹೆಸರನ್ನು ಎಲ್ಲಾದರೂ ಬರೆಯಬೇಕು ಎಂದು ನನಗೆ ಹೊಳೆಯಲಿಲ್ಲ. ನಕ್ಷೆ ತೆಗೆದವರು ಎಂಬ ಕಲಮಿನ ಮುಂದೆಯೂ ನನ್ನ ಹುಡುಗ ನಮ್ಮ ಕಚೇರಿಯ ಹೆಸರನ್ನೇ ಬರೆದ. ಮಾನ್ವಿಯ ಆ ಮನೆ ಈಗಲೂ ಇದೆ. ಚೆನ್ನಾಗಿ ಕಟ್ಟಿದ್ದೀರಿ ಎಂದು ಜನ ನನಗೆ ಹೇಳುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಕಾಕಾ 2003ರಲ್ಲಿ ತೀರಿಕೊಂಡ.

2020ರ ಮಾರ್ಚ್ 17ರಂದು, ಲಾಕ್‌ಡೌನಿಗೆ ಇನ್ನೊಂದು ವಾರ ಇರುವಾಗ, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಒಂದು ಕಡೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಇನ್ನೊಂದು ಕಡೆ ಮುಕೇಶ್ ಗೋಯಲ್ ಎಂಬವರು. ನೋಯ್ಡಾ ಪ್ರಾಧಿಕಾರದ ಹುದ್ದೆಯೊಂದರ ತಂಟೆ. ಆ ಲಾಕ್‌ಡೌನಿನ ಬಿಡುವಿನಲ್ಲಿ ತೀರ್ಪನ್ನು ಓದಿದೆ. ಕಾಯಿದೆಯ 37ನೆಯ ಕಲಮು ಕಾಯುವುದು ಆರ್ಕಿಟೆಕ್ಟ್ ಎಂಬ ಹೆಸರನ್ನು ಮಾತ್ರ. ನೋಂದಣಿ ಇಲ್ಲದವನು ಆ ಹೆಸರು ಹಾಕಿಕೊಳ್ಳುವಂತಿಲ್ಲ, ಆದರೆ ಕಟ್ಟಡದ ವಿನ್ಯಾಸ ಮಾಡುವುದನ್ನು, ನಕ್ಷೆ ತೆಗೆಯುವುದನ್ನು, ಮೇಲ್ವಿಚಾರಣೆಯನ್ನು ಅದು ತಡೆಯುವುದಿಲ್ಲ ಎಂದು ನ್ಯಾಯಾಲಯ ಹೇಳಿತ್ತು. ಇದೇನು ಹೊಸ ಅರ್ಥವಲ್ಲ. ಮಸೂದೆ ತರುವಾಗಲೇ ಅದರ ಉದ್ದೇಶದ ಹೇಳಿಕೆಯಲ್ಲಿ, ಈ ಕಾನೂನು ಹೆಸರಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಕಟ್ಟುವ ಕೆಲಸದ ಮೇಲೆ ಯಾರಿಗೂ ಗುತ್ತಿಗೆ ಕೊಡುವುದಿಲ್ಲ ಎಂಬ ಮಾತು ಇತ್ತು.

ನಾನು ಆ ಪುಟಗಳನ್ನು ಎರಡು ಸಲ ಓದಿದೆ. 1974ರಲ್ಲಿ ಕಾಕಾ ಮಾಡಬೇಕಾದದ್ದು ಇಷ್ಟೇ ಇತ್ತು: ಬೋರ್ಡಿನಲ್ಲಿ ಒಂದು ಶಬ್ದದ ಮೇಲೆ ಹಸಿರು ಬಣ್ಣ ಬಳಿಸಿ, ಅದರ ಜಾಗದಲ್ಲಿ ನಕ್ಷಾನವೀಸ್ ಎಂದು ಬರೆಸಿ, ಅದೇ ಖೋಲಿಯಲ್ಲಿ ಕುಳಿತು ಕೆಲಸ ಮುಂದುವರಿಸುವುದು. ಮಂಜೂರಾತಿಗೆ ಸಹಿಯ ಗೋಳು ಇದ್ದೇ ಇರುತ್ತಿತ್ತು, ಅದು ಮೊದಲೂ ಇತ್ತು. ಜೇಲಿನ ಹೆದರಿಕೆ ಮಾತ್ರ ಸುಳ್ಳು. ಅವನು ಇಪ್ಪತ್ತೆರಡು ವರ್ಷ ಪೆನ್ಸಿಲ್ ಮುಟ್ಟದೆ ಕಳೆದದ್ದು ಕಾಯಿದೆಯಿಂದಲ್ಲ, ಓದದವರು ಹೇಳಿದ ಕಾಯಿದೆಯಿಂದ. ಇನ್ನೊಂದನ್ನೂ ಹೇಳಬೇಕು. ನಮ್ಮ ಐದು ವರ್ಷದ ಓದಿನಲ್ಲಿ ವೃತ್ತಿ ನಡವಳಿಕೆ ಎಂದು ಒಂದು ವಿಷಯವಿತ್ತು. ಈ ಕಾಯಿದೆ ಪಠ್ಯದಲ್ಲಿತ್ತು. ನಾನು ದಂಡದ ಮೊತ್ತ ಬಾಯಿಪಾಠ ಮಾಡಿ ಪಾಸಾದವನು. ಕಾಕಾ ಬದುಕಿದ್ದಾಗ ಆ ಹತ್ತು ಸಾಲು ಸರಿಯಾಗಿ ಓದಿ ಅವನಿಗೆ ತಿಳಿಸಲು ನನಗೆ ಹದಿಮೂರು ವರ್ಷ ಅವಕಾಶವಿತ್ತು.

ದೇವದುರ್ಗದ ಹುಡುಗಿಯನ್ನು ಇಟ್ಟುಕೊಂಡೆ. ಬಸ್ಸಿನ ಖರ್ಚಿನ ಮೇಲೆ ಅವಳಪ್ಪ ಹೂಂ ಅನ್ನುವಷ್ಟು ಕೊಟ್ಟೆ. ಕಂಪ್ಯೂಟರಿನಲ್ಲಿ ಅವಳ ಕೈ ನನಗಿಂತ ಚುರುಕು, ಅಲ್ಲಿ ನಾನು ಕಲಿಸುವುದೇನೂ ಇರಲಿಲ್ಲ. ವಾರಕ್ಕೆ ಮೂರು ದಿನ ಕಟ್ಟಡದ ಜಾಗದಲ್ಲೇ ಇರಬೇಕು ಎಂದೆ. ಗೌಂಡಿಗಳು ಮೊದಲು ನಕ್ಕರು. ಒಂದು ದಿನ ಅವಳು ಕೊಡದಿಂದ ನೀರು ಸುರಿಸಿ ಮಾಳಿಗೆಯ ಇಳಿಜಾರು ತಪ್ಪಿದ್ದನ್ನು ಹಿಡಿದ ಮೇಲೆ ಅಕ್ಕಾರ ಎನ್ನತೊಡಗಿದರು.

ಕೊನೆಯ ಎರಡು ವಾರ ಅವಳಿಗೆ ಒಂದು ಹಳೆಯ ಮನೆಯನ್ನು ಅಳೆದು ನಕ್ಷೆ ಮಾಡುವ ಕೆಲಸ ಕೊಟ್ಟೆ. ಮಟಮಾರಿಯ ನಮ್ಮ ಮನೆ. ಈಗ ಅಲ್ಲಿ ಯಾರೂ ಇಲ್ಲ, ಮಾಳಿಗೆ ಎರಡು ಕಡೆ ಬಾಗಿದೆ, ಇನ್ನೆಷ್ಟು ಮಳೆಗಾಲವೋ. ಟೇಪು ಹಿಡಿದು ಬೆಳಗಿನಿಂದ ಅಳೆದಳು: ಕಟ್ಟೆ, ಪಡಸಾಲೆ, ತೊಲೆಯ ದಪ್ಪ, ಗೋಡೆಯ ಗೂಡುಗಳು. ಮಧ್ಯಾಹ್ನ ಮಾಳಿಗೆ ಹತ್ತಿದವಳು ಮೇಲಿನಿಂದ ಕೂಗಿದಳು.

"ಸರ್, ಇಲ್ಲೊಂದು ತಗಡು ಐತ್ರಿ, ಅಡಿಗೆ ಏನೋ ಬರದಾರ. ಉರ್ದು ಐತಿ, ಕನ್ನಡ ಐತಿ. ಇದನ್ನೂ ನಕ್ಷೆದಾಗ ತೋರಿಸ್ಬೇಕೇನ್ರಿ?"

ತೋರಿಸು ಎಂದೆ. ಅವಳು ಟೇಪು ಬಿಚ್ಚಿ ಅಳೆದಳು. ಮೂರು ಅಡಿ, ಎರಡು ಅಡಿ. ಬೆಳಕಿಂಡಿಯ ಮುಚ್ಚಳ ಎಂದು ಬರೆದುಕೊಂಡು, ಅಕ್ಷರ ಏನಂತ ಬರೀಲಿ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಬರಿ, ಹೆಸರು ಸಮೇತ, ಎಂದೆ.